ಏರಿಯಲ್, ಹೆಲ್ವೆಟಿಕಾ, ಲಿಬರೇಶನ್ ಸ್ಯಾನ್ಸ್: ಮುಖ ಒಂದೇ, ಹೆಸರು ಮೂರು ಯಾಕೆ?

ಪ್ರಶ್ನೆ: ಆಫೀಸಿನ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ, ಅದರಲ್ಲಿ ಏರಿಯಲ್ ಫಾಂಟ್. ಮನೆಯ ಮ್ಯಾಕ್‌ನಲ್ಲಿ ಹೆಲ್ವೆಟಿಕಾ. ಮಗಳ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ಅಲ್ಲಿ ಲಿಬರೇಶನ್ ಸ್ಯಾನ್ಸ್. ನನ್ನ ಕಣ್ಣಿಗೆ ಮೂರೂ ಒಂದೇ. ಟೈಮ್ಸ್, ಟೈಮ್ಸ್ ನ್ಯೂ ರೋಮನ್ ಫಾಂಟುಗಳ ಕಥೆಯೂ ಹೀಗೇ ಇದೆ. ಒಂದೇ ಥರದ ಫಾಂಟಿಗೆ ಇಷ್ಟು ಹೆಸರು ಯಾಕೆ? ಎಲ್ಲ ಕಂಪನಿಗಳೂ ಒಂದನ್ನೇ ಬಳಸಬಹುದಿತ್ತಲ್ಲ? ಇನ್ನೊಂದು ವಿಷಯ. ಆಫೀಸಿನಲ್ಲಿ ಕಷ್ಟಪಟ್ಟು ಒಂದೇ ಪುಟಕ್ಕೆ ಕೂರಿಸಿದ ಪತ್ರ ಮಗಳ ಲ್ಯಾಪ್‌ಟಾಪ್‌ನಲ್ಲಿ ಎರಡು ಪುಟ ಆಗುತ್ತದೆ. ಈ ಹೆಚ್ಚುವರಿ ಫಾಂಟುಗಳನ್ನೆಲ್ಲ ಅಳಿಸಿಬಿಡಲೇ?

ಉತ್ತರ: ಅಳಿಸಬೇಡಿ. ಮಿಕ್ಕಿದ್ದನ್ನು ನಿಧಾನಕ್ಕೆ ಹೇಳುತ್ತೇನೆ.

ನೀವು ಫಾಂಟುಗಳನ್ನು ಮುಖ ನೋಡಿ ಹೋಲಿಸುತ್ತಿದ್ದೀರಿ. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಈ ಫಾಂಟುಗಳು ಜೋಡಿ ಜೋಡಿಯಾಗಿ ಹುಟ್ಟಿದ್ದು ಮುಖಕ್ಕಾಗಿ ಅಲ್ಲ, ಅಳತೆಗಾಗಿ. ಸಾಲಿನಲ್ಲಿ ಯಾವ ಅಕ್ಷರ ಎಷ್ಟು ಜಾಗ ಹಿಡಿಯುತ್ತದೆ ಅನ್ನುವ ಲೆಕ್ಕ ಇದೆಯಲ್ಲ, ಅದೇ ಈ ಕಥೆಯ ಬೇರು.

ನಿಮ್ಮ ಮ್ಯಾಕ್‌ನಲ್ಲಿ ಹೆಲ್ವೆಟಿಕಾ ಜೊತೆ ಏರಿಯಲ್ ಕೂಡ ಇರುತ್ತದೆ. ಒಂದು ಖಾಲಿ ಪುಟ ತೆರೆದು ಇಂಗ್ಲಿಷಿನ ದೊಡ್ಡ ಆರ್, ದೊಡ್ಡ ಜಿ, ದೊಡ್ಡ ಸಿ, ಸಣ್ಣ ಟಿ ಟೈಪ್ ಮಾಡಿ. ಒಂದು ಸಾಲು ಹೆಲ್ವೆಟಿಕಾ, ಕೆಳಗಿನ ಸಾಲು ಏರಿಯಲ್. ಗಾತ್ರ 150ಕ್ಕೆ ಏರಿಸಿ. ಈಗ ಆರ್ ಅಕ್ಷರದ ಕಾಲು ನೋಡಿ. ಹೆಲ್ವೆಟಿಕಾದಲ್ಲಿ ಅದು ಹೆಚ್ಚುಕಡಿಮೆ ನೆಟ್ಟಗೆ ಇಳಿದು, ಬುಡದಲ್ಲಿ ಚೂರು ಬಾಗುತ್ತದೆ. ಏರಿಯಲ್‌ನಲ್ಲಿ ಓರೆಯಾಗಿ ಹೊರಕ್ಕೆ ಚಾಚಿದೆ. ಹೆಲ್ವೆಟಿಕಾದ ಜಿ ಅಕ್ಷರಕ್ಕೆ ಬಲಗಡೆ ಕೆಳಗೆ ಒಂದು ಪುಟ್ಟ ಹಿಮ್ಮಡಿ ಇದೆ, ಏರಿಯಲ್‌ನದಕ್ಕೆ ಇಲ್ಲ. ಸಿ ಅಕ್ಷರದ ಎರಡು ತುದಿಗಳನ್ನು ಹೆಲ್ವೆಟಿಕಾದಲ್ಲಿ ಅಡ್ಡಡ್ಡ ಕತ್ತರಿಸಿದ್ದಾರೆ, ಏರಿಯಲ್‌ನಲ್ಲಿ ಓರೆಯಾಗಿ. ಟಿ ಅಕ್ಷರದ ನೆತ್ತಿಯೂ ಹಾಗೆಯೇ: ಒಂದರಲ್ಲಿ ಚಪ್ಪಟೆ, ಇನ್ನೊಂದರಲ್ಲಿ ಓರೆ. ಒಮ್ಮೆ ಇದನ್ನು ನೋಡಿದ ಮೇಲೆ ಬೀದಿಯ ಬೋರ್ಡುಗಳಲ್ಲೂ ಕಣ್ಣು ತಾನಾಗಿ ಹುಡುಕುತ್ತದೆ. ಅದೊಂದು ಚಟ, ಎಚ್ಚರಿಕೆ.

ಈಗ ಪ್ರಯೋಗದ ಎರಡನೇ ಭಾಗ. ಒಂದು ದೊಡ್ಡ ಪ್ಯಾರಾ ಹಾಕಿ, ಗಾತ್ರ 12 ಇಡಿ. ಹೆಲ್ವೆಟಿಕಾದಿಂದ ಏರಿಯಲ್‌ಗೆ ಬದಲಾಯಿಸಿ. ಅಕ್ಷರಗಳು ಬದಲಾಗುತ್ತವೆ, ಆದರೆ ಸಾಲುಗಳು ಸಾಮಾನ್ಯವಾಗಿ ಎಲ್ಲಿ ಮುರಿದಿದ್ದವೋ ಅಲ್ಲೇ ಮುರಿಯುತ್ತವೆ. ಬೇರೆ ಯಾವುದಾದರೂ ಫಾಂಟಿಗೆ, ವರ್ಡಾನಾಗೆ ಅಂತಿಟ್ಟುಕೊಳ್ಳಿ, ಬದಲಾಯಿಸಿದರೆ ಇಡೀ ಪ್ಯಾರಾ ಉಬ್ಬಿ ಕೆಳಗಿಳಿಯುತ್ತದೆ.

ಫಾಂಟ್ ಫೈಲಿನ ಒಳಗೆ ಹೋದರೆ ಗುಟ್ಟು ಕಾಣುತ್ತದೆ. ಪ್ರತಿ ಅಕ್ಷರಕ್ಕೂ ಅಗಲ ಇಷ್ಟು ಅಂತ ಒಂದು ಅಂಕಿ ಬರೆದಿರುತ್ತಾರೆ. ಅಡೋಬ್ ಕಂಪನಿಯ ಹೆಲ್ವೆಟಿಕಾದಲ್ಲಿ ಅಳತೆಪಟ್ಟಿಗೆ 1000 ಭಾಗ. ಅದರಲ್ಲಿ ಸಣ್ಣ ಎ ಅಕ್ಷರ 556 ಭಾಗ, ಸಣ್ಣ ಐ 222, ಪದಗಳ ನಡುವಿನ ಖಾಲಿ ಜಾಗ 278. ಏರಿಯಲ್‌ನಲ್ಲಿ ಅಳತೆಪಟ್ಟಿಗೆ 2048 ಭಾಗ. ಅಲ್ಲಿ ಎ 1139, ಐ 455, ಖಾಲಿ ಜಾಗ 569. ಭಾಗಿಸಿ ನೋಡಿ. 0.556, 0.222, 0.278. ಮೂರೂ ತಾಳೆಯಾಗುತ್ತವೆ. ಯಾರೋ ಕೂತು ಬೇಕಂತಲೇ ಹೊಂದಿಸಿದ ಲೆಕ್ಕ ಇದು.

ಯಾಕೆ ಹೊಂದಿಸಿದರು ಅನ್ನೋದಕ್ಕೆ ಪ್ರಿಂಟರುಗಳ ಕಾಲಕ್ಕೆ ಹೋಗಬೇಕು.

ಹೆಲ್ವೆಟಿಕಾ ಹುಟ್ಟಿದ್ದು 1957ರಲ್ಲಿ, ಸ್ವಿಟ್ಜರ್ಲೆಂಡಿನ ಹಾಸ್ ಅನ್ನುವ ಅಚ್ಚುಮೊಳೆ ಕಾರ್ಖಾನೆಯಲ್ಲಿ. ಎಡ್ವರ್ಡ್ ಹಾಫ್‌ಮನ್ ಹೇಳಿದರು, ಮ್ಯಾಕ್ಸ್ ಮೀಡಿಂಗರ್ ಬರೆದರು. ಆಗ ಅದರ ಹೆಸರು ನಾಯ್ ಹಾಸ್ ಗ್ರೋಟೆಸ್ಕ್. ಇಂಥ ಹೆಸರಿಟ್ಟುಕೊಂಡು ಜಗತ್ತಿಗೆಲ್ಲ ಮಾರೋದು ಕಷ್ಟ, ಅಲ್ವಾ? 1960ರಲ್ಲಿ ಹೆಲ್ವೆಟಿಕಾ ಆಯಿತು. ಲ್ಯಾಟಿನ್‌ನಲ್ಲಿ ಸ್ವಿಸ್ ಅಂತ ಅರ್ಥ. ಮುಂದೆ ಅದರ ಹಕ್ಕು ಲಿನೋಟೈಪ್ ಕಂಪನಿಯ ಕೈಗೆ ಬಂತು.

1984ರಲ್ಲಿ ಅಡೋಬ್ ಪೋಸ್ಟ್‌ಸ್ಕ್ರಿಪ್ಟ್ ತಂದಿತು. ಪುಟ ಹೇಗಿರಬೇಕು ಅಂತ ಕಂಪ್ಯೂಟರು ಪ್ರಿಂಟರಿಗೆ ಹೇಳುವ ಭಾಷೆ ಅದು. ಮರುವರ್ಷ, 1985ರಲ್ಲಿ, ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್ ಬಂತು. ಅದರ ಹೊಟ್ಟೆಯಲ್ಲೇ ನಾಲ್ಕು ಫಾಂಟ್ ಕುಟುಂಬಗಳಿದ್ದವು: ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಮತ್ತೆ ಗಣಿತದ ಚಿಹ್ನೆಗಳಿಗೆ ಸಿಂಬಲ್. ಟೈಮ್ಸ್ ಮತ್ತು ಹೆಲ್ವೆಟಿಕಾವನ್ನು ಅಡೋಬ್ ಲಿನೋಟೈಪ್‌ನಿಂದ ಲೈಸೆನ್ಸ್ ಪಡೆದು ಹಾಕಿತ್ತು.

ಈ ನಾಲ್ಕು ಹೆಸರು ಅಲ್ಲಿಂದ ಎಲ್ಲ ಕಡೆ ಬೇರುಬಿಟ್ಟವು. ಡಾಕ್ಯುಮೆಂಟಿನ ಫೈಲಿನಲ್ಲಿ ಅಕ್ಷರದ ಚಿತ್ರ ಇರುತ್ತಿರಲಿಲ್ಲ. "ಇಲ್ಲಿಂದ ಹೆಲ್ವೆಟಿಕಾ, 12 ಪಾಯಿಂಟ್" ಅಂತ ಹೆಸರು ಮಾತ್ರ. ಸಾಲು ಎಲ್ಲಿ ಮುರಿಯಬೇಕು ಅನ್ನೋದನ್ನು ಸಾಫ್ಟ್‌ವೇರ್ ಆಗಲೇ ಹೆಲ್ವೆಟಿಕಾದ ಅಗಲ ಹಿಡಿದು ಲೆಕ್ಕ ಹಾಕಿ ಆಗಿರುತ್ತಿತ್ತು. ಹಾಗಾಗಿ ಬೇರೆ ಕಂಪನಿ ಅಗ್ಗದ ಪ್ರಿಂಟರ್ ಮಾಡಬೇಕು ಅಂದರೆ ಎರಡೇ ದಾರಿ. ಲಿನೋಟೈಪ್‌ಗೆ ದುಡ್ಡು ಕೊಟ್ಟು ನಿಜವಾದ ಹೆಲ್ವೆಟಿಕಾ ಹಾಕುವುದು. ಇಲ್ಲವೇ, ನೋಡೋಕೆ ಸುಮಾರು ಹಾಗೇ ಇದ್ದು ಅಗಲ ಮಾತ್ರ ಚಾಚೂ ತಪ್ಪದೆ ಹೊಂದುವ ಇನ್ನೊಂದು ಫಾಂಟ್ ಹಾಕುವುದು.

ಏರಿಯಲ್ ಆ ಎರಡನೇ ದಾರಿಯಲ್ಲಿ ಬೆಳೆದದ್ದು. ಹುಟ್ಟಿದ್ದು ಮಾತ್ರ ಅದಕ್ಕೂ ಮೊದಲೇ: 1982ರಲ್ಲಿ ಅದನ್ನು ಅಕ್ಷರ ತಯಾರಿಸುವ ಮಾನೋಟೈಪ್ ಕಂಪನಿಯ ರಾಬಿನ್ ನಿಕೋಲಸ್ ಮತ್ತು ಪೆಟ್ರೀಶಿಯಾ ಸಾಂಡರ್ಸ್ ಬರೆದರು. ಮೊದಲು ಬಳಕೆಯಾಗಿದ್ದು ಐಬಿಎಂನ ಲೇಸರ್ ಪ್ರಿಂಟರಿನಲ್ಲಿ. ಅದನ್ನು ಹೆಲ್ವೆಟಿಕಾದ ನಕಲು ಅಂತ ಬೈಯುವವರು ಬಹಳ ಜನ. ನನಗೆ ಅದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಆರ್ ಅಕ್ಷರದ ಆ ಓರೆ ಕಾಲು, ಓರೆ ಕತ್ತರಿಸಿದ ತುದಿ ಎಲ್ಲ ಮಾನೋಟೈಪ್‌ನದೇ ಹಳೆಯ ಗ್ರೊಟೆಸ್ಕ್, ಅಂದರೆ ತುದಿಗೆ ಅಡ್ಡಗೆರೆ ಇಲ್ಲದ, ಅಕ್ಷರಗಳಿಂದ ಬಂದದ್ದು. ಮೈ ಮಾನೋಟೈಪಿನದು, ಅಂಗಿಯ ಅಳತೆ ಹೆಲ್ವೆಟಿಕಾದ್ದು. ಬೇರೆಯವರ ಅಂಗಿಯೊಳಗೆ ತೂರಿಸಿಕೊಂಡ ಮೈ ಅಲ್ಲಲ್ಲಿ ಬಿಗಿಯಾಗಿ ಕಾಣುತ್ತದೆ, ಅದು ನಿಜ.

ಇದನ್ನು ಮನೆಮನೆಗೆ ತಲುಪಿಸಿದ್ದು ಮೈಕ್ರೋಸಾಫ್ಟ್. ಫಾಂಟ್ ತಂತ್ರಜ್ಞಾನಕ್ಕೆ ಅಡೋಬ್ ಒಂದರ ಕೈ ಕಾಯುತ್ತ ಕೂರೋದು ಆಪಲ್‌ಗೂ ಬೇಡವಾಗಿತ್ತು, ಮೈಕ್ರೋಸಾಫ್ಟ್‌ಗೂ ಬೇಡವಾಗಿತ್ತು. ಆಪಲ್ ಟ್ರೂಟೈಪ್ ಅನ್ನುವ ಹೊಸ ಬಗೆಯ ಫಾಂಟ್ ಮಾಡಿ 1991ರಲ್ಲಿ ಬಿಟ್ಟಿತು, ಮೈಕ್ರೋಸಾಫ್ಟ್ ಅದನ್ನೇ 1992ರ ವಿಂಡೋಸ್ 3.1ಕ್ಕೆ ತಂದಿತು. ಆಪಲ್ ಲಿನೋಟೈಪ್‌ನ ಹೆಲ್ವೆಟಿಕಾ, ಟೈಮ್ಸ್ ಜೊತೆ ಉಳಿಯಿತು. ಮೈಕ್ರೋಸಾಫ್ಟ್ ಮಾನೋಟೈಪ್ ಹತ್ತಿರ ಹೋಗಿ ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂ ತಂದಿತು. ಮೂರೂ ಆ ಹಳೇ ಪ್ರಿಂಟರ್ ಫಾಂಟುಗಳ ಅಗಲಕ್ಕೆ ಹೊಂದುವಂಥವು. ವಿಂಡೋಸ್‌ನ ಒಳಗೆ ಒಂದು ಪಟ್ಟಿಯೂ ಇದೆ: ಯಾರಾದರೂ ಹೆಲ್ವೆಟಿಕಾ ಕೇಳಿದರೆ ಏರಿಯಲ್ ಕೊಡು, ಟೈಮ್ಸ್ ಕೇಳಿದರೆ ಟೈಮ್ಸ್ ನ್ಯೂ ರೋಮನ್ ಕೊಡು ಅಂತ. ನಿಮ್ಮ ಆಫೀಸಿಗೂ ಮನೆಗೂ ನಡುವಿನ ವ್ಯತ್ಯಾಸ ಶುರುವಾದದ್ದು ಅಲ್ಲೇ.

ಟೈಮ್ಸ್ ಕಥೆಯೂ ಹೀಗೇ ಅಂದಿರಿ. ಹೀಗೇ ಅಲ್ಲ, ಉಲ್ಟಾ. ಏರಿಯಲ್ ಮತ್ತು ಹೆಲ್ವೆಟಿಕಾ ಬೇರೆ ಬೇರೆ ಮನೆಯ ಮಕ್ಕಳು, ಒಂದೇ ಸಮವಸ್ತ್ರ ಹಾಕಿಕೊಂಡಿವೆ. ಟೈಮ್ಸ್ ರೋಮನ್ ಮತ್ತು ಟೈಮ್ಸ್ ನ್ಯೂ ರೋಮನ್ ಮಾತ್ರ ನಿಜಕ್ಕೂ ಒಂದೇ ತಾಯಿಯ ಮಕ್ಕಳು. ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗಾಗಿ ಸ್ಟಾನ್ಲಿ ಮಾರಿಸನ್ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ಬರೆದ ಅಕ್ಷರ ಅದು. 1932ರ ಅಕ್ಟೋಬರ್ 3ರಂದು ಪತ್ರಿಕೆ ಅದರಲ್ಲಿ ಹೊರಬಂತು. ಮಾನೋಟೈಪ್ ಮಾಡಿದ ಈ ಅಕ್ಷರವನ್ನು ಲಿನೋಟೈಪ್ ಕೂಡ ತನ್ನ ಯಂತ್ರಕ್ಕೆ ತಕ್ಕಂತೆ ಮಾಡಿಕೊಂಡಿತು. ಎರಡು ಕಂಪನಿ, ಎರಡು ಹೆಸರು. ಅಡೋಬ್ ಮತ್ತು ಆಪಲ್ ಮೂಲಕ ಲಿನೋಟೈಪ್‌ನ ಟೈಮ್ಸ್ ಬಂತು, ಮೈಕ್ರೋಸಾಫ್ಟ್ ಮೂಲಕ ಮಾನೋಟೈಪ್‌ನ ಟೈಮ್ಸ್ ನ್ಯೂ ರೋಮನ್.

ಕೊರಿಯರ್ ಐಬಿಎಂ ಟೈಪ್‌ರೈಟರಿಗೆ ಮಾಡಿದ್ದು. ಐಬಿಎಂ ಅದರ ಮೇಲೆ ಹಕ್ಕು ಕಟ್ಟಿಕೊಳ್ಳಲಿಲ್ಲ, ಹಾಗಾಗಿ ಎಲ್ಲರೂ ಬಳಸಿಕೊಂಡರು. ಅದರಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ, 1000 ಭಾಗದಲ್ಲಿ 600. ಪ್ರಿಂಟರಿಗೆ ಕೇಳಿದ ಫಾಂಟ್ ಸಿಗದಿದ್ದರೆ ಅದು ಕೊರಿಯರ್ ಹಾಕಿಬಿಡುತ್ತಿತ್ತು. ಪುಟವಿನ್ಯಾಸದ ಕೆಲಸ ಕಲಿಯುತ್ತಿದ್ದ ಹೊಸದರಲ್ಲಿ ನಾನು ಒಂದು ಆಹ್ವಾನಪತ್ರಿಕೆಯನ್ನು ಅಚ್ಚಿಗೆ ಕಳಿಸಿದ್ದೆ. ತಲೆಬರಹಕ್ಕೆ ಬಳ್ಳಿಯಂಥ ಒಂದು ಚೆಂದದ ಅಕ್ಷರ ಆರಿಸಿದ್ದೆ, ಆದರೆ ಫಾಂಟ್ ಫೈಲನ್ನು ಜೊತೆಗೆ ಕಳಿಸೋದು ಮರೆತಿದ್ದೆ. ಬಂದ ಹಾಳೆಯಲ್ಲಿ ಹೆಸರುಗಳು ಕೋರ್ಟ್ ನೋಟೀಸಿನ ಥರ ಇದ್ದವು. ಅಂಚಿಗೆ ಹಾಕಿದ್ದ ಹೂವಿನ ಮೇಲೆ ಅರ್ಧ ಹೆಸರು ಹತ್ತಿ ಕೂತಿತ್ತು. "ಇದು ಕೊರಿಯರ್ ಕಣಯ್ಯ, ನಿನ್ನ ಫಾಂಟ್ ಬಂದಿಲ್ಲ" ಅಂತ ಹಿರಿಯರೊಬ್ಬರು ದೂರದಿಂದಲೇ ನೋಡಿ ಹೇಳಿದರು. ಸಮಾನ ಅಗಲದ ಬದಲಿ ಫಾಂಟಿನ ಬೆಲೆ ನನಗೆ ಗೊತ್ತಾಗಿದ್ದು ಅವತ್ತು.

ಸರಿ, ಇಷ್ಟು ಹೋಲುವ ಅಕ್ಷರ ಮಾಡಿದರೆ ಕೇಸು ಬೀಳಲ್ವಾ? ಎಲ್ಲರೂ ಕೇಳುವ ಪ್ರಶ್ನೆ. ಅಮೆರಿಕದಲ್ಲಿ ಅಕ್ಷರದ ರೂಪಕ್ಕೆ ಕಾಪಿರೈಟ್ ಇಲ್ಲ. ಎಲ್‌ಟ್ರಾ ಕಂಪನಿ ಹೂಡಿದ್ದ ಮೊಕದ್ದಮೆಯಲ್ಲಿ 1978ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹಾಗೇ ಹೇಳಿತು. ಅಕ್ಷರ ಬಳಕೆಯ ವಸ್ತು, ಅದರ ಆಕಾರವನ್ನು ಯಾರೂ ಕಾಪಿರೈಟ್ ಮಾಡಿ ಇಟ್ಟುಕೊಳ್ಳೋಕೆ ಆಗಲ್ಲ. ಆದರೆ ಫಾಂಟ್ ಫೈಲು ಒಂದು ಸಾಫ್ಟ್‌ವೇರ್, ಅದನ್ನು ನಕಲು ಮಾಡೋ ಹಾಗಿಲ್ಲ. ಹೆಸರು ಟ್ರೇಡ್‌ಮಾರ್ಕ್, ಅದನ್ನೂ ಮುಟ್ಟೋ ಹಾಗಿಲ್ಲ. ಅಂದರೆ ಆಕಾರ ನೋಡಿ ಮೊದಲಿಂದ ಬರೆದುಕೊಂಡು, ಬೇರೆ ಹೆಸರಿಟ್ಟರೆ ಆಯಿತು. ನೀವು ಕೇಳಿದ ಪ್ರಶ್ನೆಗೆ ಉತ್ತರ ಅರ್ಧದಷ್ಟು ಇಲ್ಲೇ ಇದೆ: ಹೆಸರು ಬೇರೆಯಾಗಿರುವುದು ಆಕಾರಕ್ಕೆ ಬೀಗ ಇಲ್ಲದೆ, ಹೆಸರಿಗೆ ಬೀಗ ಇರುವುದರಿಂದ.

ಇದರ ಲಾಭ ಪಡೆದವರಲ್ಲಿ ಬಿಟ್‌ಸ್ಟ್ರೀಮ್ ಕಂಪನಿಯ ಜಾಣತನ ನನಗೆ ಇಷ್ಟ. ಅವರ ಹೆಲ್ವೆಟಿಕಾಗೆ ಸ್ವಿಸ್ 721 ಅಂತ ಹೆಸರು. ಹೆಲ್ವೆಟಿಕಾ ಅಂದರೂ ಸ್ವಿಸ್ ಅಂತಲೇ ಅಲ್ವಾ? ಹೆಸರನ್ನೂ ಅನುವಾದ ಮಾಡಿಬಿಟ್ಟರು. ಅವರ ಟೈಮ್ಸ್ ಹೆಸರು ಡಚ್ 801. ಎಲ್ಲರೂ ಇದನ್ನು ನಗುತ್ತ ಸಹಿಸಲಿಲ್ಲ. ಪಲಟೀನೋ ಅನ್ನುವ ಫಾಂಟ್ ಬರೆದ ಹೆರ್ಮನ್ ಝಾಫ್ ತಮ್ಮ ಅಕ್ಷರಗಳ ಇಂಥ ನಕಲುಗಳಿಂದ ಬೇಸತ್ತು 1993ರಲ್ಲಿ ಫಾಂಟ್ ತಯಾರಕರ ಅಂತರರಾಷ್ಟ್ರೀಯ ಸಂಘವನ್ನೇ ಬಿಟ್ಟು ಹೊರಬಂದರು. ಮೈಕ್ರೋಸಾಫ್ಟ್ ಆಫೀಸಿನಲ್ಲಿ ಬುಕ್ ಆಂಟಿಕ್ವಾ ಅಂತ ಒಂದಿದೆ ನೋಡಿ, ಅದು ಪಲಟೀನೋ ಹೋಲುವ ಮಾನೋಟೈಪ್ ಫಾಂಟ್. ಮುಂದೆ ವಿಂಡೋಸ್ 2000ದಲ್ಲಿ ಮೈಕ್ರೋಸಾಫ್ಟ್ ಲಿನೋಟೈಪ್‌ನ ಅಸಲಿ ಪಲಟೀನೋವನ್ನೂ ಹಾಕಿತು. ಬುಕ್ ಆಂಟಿಕ್ವಾ ಹೋಗಲಿಲ್ಲ. ಹೀಗೆ ಒಂದೇ ಕಂಪ್ಯೂಟರಿನಲ್ಲಿ ಅಸಲಿಯೂ ಅದರ ನೆರಳೂ ಒಟ್ಟಿಗೆ ಕೂತಿವೆ.

ಯುರೋಪಿನಲ್ಲಿ ಕಾನೂನು ಬೇರೆ, ಅಲ್ಲಿ ಅಕ್ಷರದ ರೂಪವನ್ನು ವಿನ್ಯಾಸ ಅಂತ ನೋಂದಾಯಿಸಬಹುದು. ಮೈಕ್ರೋಸಾಫ್ಟ್ ತನ್ನ ಸೆಗೋ ಯುಐ ಫಾಂಟನ್ನು ನೋಂದಾಯಿಸಿತ್ತು. ಇದು ನಮ್ಮ ಫ್ರೂಟಿಗರ್ ಥರಾನೇ ಇದೆ ಅಂತ ಲಿನೋಟೈಪ್ ತಕರಾರು ತೆಗೆಯಿತು. 2006ರಲ್ಲಿ ನೋಂದಣಿ ರದ್ದಾಯಿತು.

ಈಗ ಮಗಳ ಲ್ಯಾಪ್‌ಟಾಪ್‌ಗೆ ಬರೋಣ. ಲಿನಕ್ಸ್ ಹಂಚುವವರು ಏರಿಯಲ್ ಫೈಲನ್ನು ತಮ್ಮಿಷ್ಟಕ್ಕೆ ಸೇರಿಸಿ ಕೊಡೋ ಹಾಗಿಲ್ಲ, ಲೈಸೆನ್ಸ್ ಬಿಡಲ್ಲ. ಆದರೆ ಜನ ಕಳಿಸುವ ಫೈಲುಗಳೆಲ್ಲ ಏರಿಯಲ್, ಟೈಮ್ಸ್ ನ್ಯೂ ರೋಮನ್ ಅಂತಲೇ ಕೇಳುತ್ತವೆ. ಅದಕ್ಕೆ ರೆಡ್ ಹ್ಯಾಟ್ ಕಂಪನಿ 2007ರಲ್ಲಿ ಲಿಬರೇಶನ್ ಅನ್ನುವ ಮೂರು ಫಾಂಟ್ ಕುಟುಂಬಗಳನ್ನು ಬಿಡುಗಡೆ ಮಾಡಿತು. ಸ್ಯಾನ್ಸ್ ಏರಿಯಲ್‌ಗೆ, ಸೆರಿಫ್ ಟೈಮ್ಸ್ ನ್ಯೂ ರೋಮನ್‌ಗೆ, ಮೋನೋ ಕೊರಿಯರ್ ನ್ಯೂಗೆ. ಅಗಲ ಮಾತ್ರ ಹೊಂದಿಸಿದ್ದಾರೆ, ಮುಖ ತಮ್ಮದೇ. ಅಂದರೆ ಲಿಬರೇಶನ್ ಸ್ಯಾನ್ಸ್ ಏರಿಯಲ್‌ನ ಅಳತೆ ಹಿಡಿದಿದೆ, ಏರಿಯಲ್ ಹೆಲ್ವೆಟಿಕಾದ ಅಳತೆ ಹಿಡಿದಿದೆ. ಇವತ್ತು ಮಗಳು ತೆರೆಯುವ ಪತ್ರದಲ್ಲಿ ಒಂದು ಸಾಲು ಎಲ್ಲಿ ಮುಗಿಯಬೇಕು ಅನ್ನೋದನ್ನು 1985ರ ಒಂದು ಪ್ರಿಂಟರ್ ತೀರ್ಮಾನಿಸುತ್ತಿದೆ!

ಲಿಬರೇಶನ್ ಬರೆದವರು ಸ್ಟೀವ್ ಮ್ಯಾಟಿಸನ್. 2023ರಲ್ಲಿ ಮೈಕ್ರೋಸಾಫ್ಟ್ ಆಫೀಸಿನ ಹೊಸ ಡೀಫಾಲ್ಟ್ ಆದ ಆಪ್ಟಾಸ್ ಬರೆದವರೂ ಅವರೇ. ಮೈಕ್ರೋಸಾಫ್ಟ್ ಫಾಂಟುಗಳಿಗೆ ಬದಲಿ ಬರೆದ ಕೈಯೇ ಆಮೇಲೆ ಮೈಕ್ರೋಸಾಫ್ಟ್‌ಗೂ ಬರೆಯಿತು.

ಹಾಗಾದರೆ ನಿಮ್ಮ ಪತ್ರ ಯಾಕೆ ಎರಡು ಪುಟ ಆಯಿತು? ಅದು ಏರಿಯಲ್‌ನಲ್ಲಿ ಇದ್ದಿದ್ದರೆ ಲಿಬರೇಶನ್ ಸ್ಯಾನ್ಸ್ ಅದನ್ನು ಒಂದೇ ಪುಟದಲ್ಲಿ ಹಿಡಿದಿರುತ್ತಿತ್ತು. ನನ್ನ ಅನುಮಾನ, ಪತ್ರ ಕ್ಯಾಲಿಬ್ರಿಯಲ್ಲಿ ಇದೆ. ಆಫೀಸ್ 2007ರಿಂದ ಆಪ್ಟಾಸ್ ಬರುವವರೆಗೆ ವರ್ಡ್ ತೆರೆದರೆ ಕೂತಿರುತ್ತಿದ್ದದ್ದು ಅದೇ. ಕ್ಯಾಲಿಬ್ರಿ ಏರಿಯಲ್‌ಗಿಂತ ಸಣಕಲು, ಸಾಲಿಗೆ ಜಾಸ್ತಿ ಅಕ್ಷರ ಹಿಡಿಸುತ್ತದೆ. ಲಿನಕ್ಸ್‌ನಲ್ಲಿ ಕ್ಯಾಲಿಬ್ರಿ ಇಲ್ಲ, ಅದಕ್ಕೆ ಹೊಂದುವ ಬದಲಿಯೂ ಹಾಕಿಲ್ಲ ಅಂದರೆ, ಸಿಕ್ಕಿದ ಅಗಲದ ಫಾಂಟ್ ಬಂದು ಕೂರುತ್ತದೆ. ಬರೀ 3 ಶೇಕಡಾ ಅಗಲ ಹೆಚ್ಚಾದರೆ ಏನಾಗುತ್ತದೆ ಲೆಕ್ಕ ಹಾಕಿ. ಸಾಲಿಗೆ 80 ಅಕ್ಷರ ಅಂದರೆ ಪ್ರತಿ ಸಾಲಿನಲ್ಲೂ ಎರಡೂವರೆ ಅಕ್ಷರದಷ್ಟು ಜಾಗ ಕಮ್ಮಿ. 40 ಸಾಲಿಗೆ 96 ಅಕ್ಷರ. ಒಂದು ಸಾಲು ದಾಟಿತು. ಪುಟ ಮೊದಲೇ ತುಂಬಿದ್ದರೆ "ಇಂತಿ ತಮ್ಮ ವಿಶ್ವಾಸಿ" ಒಬ್ಬಂಟಿಯಾಗಿ ಎರಡನೇ ಪುಟಕ್ಕೆ ಹೋಗೋಕೆ ಅಷ್ಟು ಸಾಕು.

ಪರಿಹಾರ ಸುಲಭ. ಮಗಳ ಲ್ಯಾಪ್‌ಟಾಪ್‌ನಲ್ಲಿ ಕಾರ್ಲಿಟೋ ಅನ್ನುವ ಉಚಿತ ಫಾಂಟ್ ಹಾಕಿಸಿ. ಲಾಟೋ ಫಾಂಟನ್ನು ಕ್ಯಾಲಿಬ್ರಿಯ ಅಗಲಕ್ಕೆ ತಿದ್ದಿ ಮಾಡಿದ್ದು ಅದು. ಮೈಕ್ರೋಸಾಫ್ಟ್‌ನ ಇನ್ನೊಂದು ಫಾಂಟ್ ಕೇಂಬ್ರಿಯಾಗೆ ಹೀಗೇ ಕ್ಯಾಲಡಿಯಾ ಇದೆ. ಪತ್ರವನ್ನು ಆಚೆಯವರು ತಿದ್ದಬೇಕಾಗಿಲ್ಲ ಅಂದರೆ ಸುಮ್ನೆ ಪಿಡಿಎಫ್ ಮಾಡಿ ಕಳಿಸಿ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿಕೊಳ್ಳಬಹುದು. ಸೇರಿದೆಯೋ ಇಲ್ಲವೋ ಅನ್ನೋದು ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿಯಲ್ಲಿ ಕಾಣುತ್ತದೆ.

ಕ್ಯಾಲಿಬ್ರಿ ಹೆಸರು ಬಂತಲ್ಲ, ಒಂದು ಮಾತು. 2017ರಲ್ಲಿ ಪಾಕಿಸ್ತಾನದ ದೊಡ್ಡ ತನಿಖೆಯೊಂದರಲ್ಲಿ 2006ರ ಫೆಬ್ರವರಿಯ ದಿನಾಂಕ ಹೊತ್ತ ಕಾಗದಗಳು ಸಲ್ಲಿಕೆಯಾದವು. ಅಕ್ಷರ ಕ್ಯಾಲಿಬ್ರಿ. ಅದು ಸಾಮಾನ್ಯ ಜನರ ಕೈಗೆ ಬಂದದ್ದೇ 2007ರಲ್ಲಿ. ಆ ಕಾಗದಗಳ ಮೇಲೆ ಅನುಮಾನ ಹುಟ್ಟಿದ್ದು ಫಾಂಟಿನಿಂದ.

ಮೆನು, ಬಟನ್ನುಗಳಲ್ಲಿ ಕಾಣುವ ಫಾಂಟುಗಳದು ಬೇರೆ ಲೆಕ್ಕ. ಅಲ್ಲಿ ಅಗಲ ಹೊಂದಿಸುವ ಗೋಜಿಲ್ಲ. ಸ್ಕ್ರೀನಿನಲ್ಲಿ ಸಣ್ಣಗೆ ಓದಿಸಬೇಕು, ತಮ್ಮದು ಅಂತ ಗುರುತು ಸಿಗಬೇಕು, ಹೊರಗಿನವರಿಗೆ ಲೈಸೆನ್ಸ್ ಹಣ ಕೊಡಬಾರದು. 2011ರಲ್ಲಿ ಆಂಡ್ರಾಯ್ಡ್‌ಗೆ ರೋಬೋಟೋ ಬಂತು. ಮ್ಯಾಕ್ 2014ರಲ್ಲಿ ಲುಸಿಡಾ ಗ್ರಾಂಡ್ ಬಿಟ್ಟು ಹೆಲ್ವೆಟಿಕಾ ನಾಯ್ ಹಾಕಿ, ಮರುವರ್ಷವೇ ಅದನ್ನೂ ಬಿಟ್ಟು ತನ್ನದೇ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಹೆಲ್ವೆಟಿಕಾ ಬೋರ್ಡಿಗೆ ಚೆಂದ, ಸಣ್ಣ ಗಾತ್ರದಲ್ಲಿ ಉಸಿರುಗಟ್ಟುತ್ತದೆ. ಅದರಲ್ಲೂ ಏರಿಯಲ್‌ನಲ್ಲೂ ಇಂಗ್ಲಿಷಿನ ದೊಡ್ಡ ಐ ಮತ್ತು ಸಣ್ಣ ಎಲ್ ಎರಡೂ ಬರೀ ಒಂದು ಕಡ್ಡಿ. ಪಾಸ್‌ವರ್ಡ್ ನೋಡಿ ಟೈಪ್ ಮಾಡುವಾಗ ಇದರ ಕಷ್ಟ ಗೊತ್ತಾಗುತ್ತದೆ. 1996ರಲ್ಲಿ ಮ್ಯಾಥ್ಯೂ ಕಾರ್ಟರ್ ಸ್ಕ್ರೀನಿಗಾಗಿಯೇ ವರ್ಡಾನಾ ಮಾಡಿದಾಗ ದೊಡ್ಡ ಐಗೆ ಮೇಲೆ ಕೆಳಗೆ ಅಡ್ಡಪಟ್ಟಿ ಕೊಟ್ಟರು.

ಕನ್ನಡ ಅಕ್ಷರಗಳಿಗೆ ಈ ಅಳತೆಯ ಸಂಪ್ರದಾಯ ಬರಲೇ ಇಲ್ಲ. ಆ ಲೇಸರ್‌ರೈಟರ್‌ನ ಹೊಟ್ಟೆಯಲ್ಲಿ ಕನ್ನಡ ಇರಲಿಲ್ಲವಲ್ಲ. ವಿಂಡೋಸ್‌ನಲ್ಲಿ ಮೊದಲು ತುಂಗಾ, ಆಮೇಲೆ ನಿರ್ಮಲಾ ಯುಐ. ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ನೋಟೋ. ಒಂದೊಂದರ ಅಗಲ ಒಂದೊಂದು, ಒತ್ತಕ್ಷರ ಇಳಿಯುವ ಆಳವೂ ಬೇರೆ. ಕನ್ನಡ ಪತ್ರ ಅಲ್ಲಿಂದ ಇಲ್ಲಿಗೆ ಹೋದಾಗ ಪುಟ ಜಾರಿದರೆ ಆಶ್ಚರ್ಯಪಡಬೇಡಿ. ಅಲ್ಲಿ ಪಿಡಿಎಫ್ ಒಂದೇ ಗತಿ.

ಎಲ್ಲರೂ ಒಂದನ್ನೇ ಬಳಸಬಹುದಿತ್ತಲ್ಲ ಅಂತ ಕೇಳಿದಿರಿ. ತಮಾಷೆ ಏನು ಗೊತ್ತಾ, 2006ರಲ್ಲಿ ಮಾನೋಟೈಪ್ ಲಿನೋಟೈಪನ್ನು ಕೊಂಡುಕೊಂಡಿತು. 2012ರಲ್ಲಿ ಬಿಟ್‌ಸ್ಟ್ರೀಮ್‌ನ ಫಾಂಟ್ ವ್ಯವಹಾರವನ್ನೂ ಕೊಂಡಿತು. ಹೆಲ್ವೆಟಿಕಾ, ಏರಿಯಲ್, ಸ್ವಿಸ್ 721 ಮೂರೂ ಈಗ ಒಂದೇ ಮನೆಯಲ್ಲಿವೆ. ಆದರೂ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ತೆಗೆಯೋಕೆ ಆಗಲ್ಲ. ಮೂವತ್ತು ನಲವತ್ತು ವರ್ಷಗಳ ಫೈಲುಗಳು ಹೆಸರು ಹಿಡಿದು ಕೇಳಿಕೊಂಡು ಬರುತ್ತವೆ. ಹೆಸರಿಗೆ ಓಗೊಡುವ ಫಾಂಟ್ ಇಲ್ಲದಿದ್ದರೆ ಸಿಕ್ಕಿದ್ದು ಬಂದು ಕೂರುತ್ತದೆ, ನಿಮ್ಮ ಪತ್ರಕ್ಕೆ ಆದ ಹಾಗೆ. ಅಳಿಸಬೇಡಿ ಅಂದದ್ದು ಅದಕ್ಕೇ. ಪಟ್ಟಿ ಉದ್ದ ಅನ್ನಿಸಿದರೆ ಮ್ಯಾಕ್‌ನ ಫಾಂಟ್ ಬುಕ್‌ನಲ್ಲಿ ನಿಮಗೆ ಬೇಕಾದ ನಾಲ್ಕಾರು ಫಾಂಟುಗಳದೇ ಒಂದು ಗುಂಪು ಮಾಡಿಟ್ಟುಕೊಳ್ಳಿ. ಉಳಿದವು ತಮ್ಮ ಪಾಡಿಗೆ ಇರಲಿ.